ಪ್ರತಿವಾದಿಗೊಂದು ಪ್ರತಿ

ನಮ್ಮತ್ತೆಯಂಥ ಶತ್ರು ಸಿಗಬೇಕಾದರೆ ಪುಣ್ಯ ಮಾಡಿರಬೇಕು. ಅವಳ ಸ್ನೇಹಿತೆಯರ ಬಗ್ಗೆ ನಾನು ಇಷ್ಟು ಗಟ್ಟಿಯಾಗಿ ಹೇಳಲಾರೆ. ಅವರು ಅವಳ ಕೈಗೆ ಸಿಕ್ಕಿ ಸಾಕಷ್ಟು ಅನುಭವಿಸಿದ್ದಾರೆ. ಆದರೆ ಅವಳ ಮೇಲೆ ಜಗಳಕ್ಕೆ ನಿಂತವರು ಮಾತ್ರ ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ. ನಾಳೆ ಅವಳು ಎಲ್ಲಿ ಹೊಡೆಯುತ್ತಾಳೆ, ಯಾವ ಕೈಯಲ್ಲಿ ಹೊಡೆಯುತ್ತಾಳೆ, ತಪ್ಪಿಸಿಕೊಳ್ಳಲು ಯಾವ ಕಡೆಗೆ ಬಾಗಬೇಕು, ಎಲ್ಲವೂ ಅವರಿಗೆ ಇವತ್ತೇ ಬರವಣಿಗೆಯಲ್ಲಿ ತಲುಪಿರುತ್ತದೆ. ಓದುವುದು ಕಷ್ಟವಾದರೆ ಅವಳೇ ಹೋಗಿ ಓದಿ ಹೇಳಿ ಬರುತ್ತಾಳೆ.

ನಾನೋ, ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಅಲ್ಲಿ ಕಲಿತ ಮೊದಲ ಪಾಠವೆಂದರೆ ಒಳ್ಳೆಯ ವಾದವನ್ನು ಕೊನೆಯ ಗಂಟೆ ಹೊಡೆಯುವವರೆಗೆ ಬಚ್ಚಿಟ್ಟುಕೊಂಡಿರಬೇಕು, ಎದುರಾಳಿ ಉಸಿರು ಬಿಡುವ ಹೊತ್ತಿಗೆ ಎಸೆಯಬೇಕು. ಇಂಥವಳು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಸಿಕ್ಕಿತೆಂದು, ಹತ್ತಿರವಾಗುತ್ತದೆಂದು, ಬೇಗೂರಿನ ಅತ್ತೆಯ ಮನೆಗೆ ಬಂದು ಸೇರಿಕೊಂಡೆ. ಸೇರಿದ ಕೆಲವೇ ದಿನಗಳಲ್ಲಿ ಅವಳ ಕೇಸಿನ ಟೈಪಿಂಗು, ಜೆರಾಕ್ಸ್ ಅಂಗಡಿಯ ಓಡಾಟ, ಕಾನೂನು ಸಲಹೆ ಮೂರೂ ನನ್ನ ತಲೆಗೆ ಬಂದವು. ಮೂರನೆಯದನ್ನು ಅವಳು ಯಾವತ್ತೂ ಕೇಳಿರಲಿಲ್ಲ. ಅದು ನನ್ನ ಕೊಡುಗೆ.

ಕೇಸಿನ ವಿಚಾರ ಸರಳ. ಅತ್ತೆ ನನ್ನ ಅಪ್ಪನ ಅಕ್ಕ. ಗಂಡ ತೀರಿಕೊಂಡು ಬಹಳ ಕಾಲವಾಗಿದೆ. ಊರಿನ ಹೊಲಗಳೆಲ್ಲ ಲೇಔಟ್ ಆದಮೇಲೂ, ಊರವರೆಲ್ಲ ಬಾಡಿಗೆ ಮನೆ ಕಟ್ಟಿ ಕಾಲು ಚಾಚಿ ಕೂತ ಮೇಲೂ, ಇವಳು ಒಂದು ಸೀಮೆಹಸುವನ್ನು ಬಿಡದೆ ಸಾಕುತ್ತಿದ್ದಳು. ಹಿತ್ತಲಲ್ಲಿ ಕೊಟ್ಟಿಗೆ. ಕೊಟ್ಟಿಗೆಯಿಂದ ಬೀದಿಗೆ ಬರಲು ಅವಳ ಮನೆಗೂ ಪಕ್ಕದ ಮನೆಗೂ ನಡುವೆ ಒಂದು ಓಣಿ. ಪಕ್ಕದ ಮನೆಯ ಯಜಮಾನರು ತಮ್ಮ ಮನೆಯ ಮೇಲೆ ಬಾಡಿಗೆ ರೂಮುಗಳನ್ನು ಎಬ್ಬಿಸಿದರು, ಹೊರಗಿನಿಂದ ಮೆಟ್ಟಿಲು ಕಟ್ಟಿಸಿದರು, ಆ ಮೆಟ್ಟಿಲಿನ ಬುಡವನ್ನು ಸರಿಯಾಗಿ ಓಣಿಯೊಳಕ್ಕೆ ಇಳಿಸಿದರು. ಮನುಷ್ಯರು ಮೈ ಓರೆ ಮಾಡಿ ತೂರಬಹುದು. ಮೈ ಓರೆ ಮಾಡುವ ಸೀಮೆಹಸುವನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಅತ್ತೆ ದಾರಿಯ ಹಕ್ಕಿಗಾಗಿ ದಾವೆ ಹೂಡಿದಳು. ಯಜಮಾನರ ವಕೀಲರು ಕೊಟ್ಟ ಉತ್ತರವನ್ನು ನಾನು ವೃತ್ತಿಪರ ಗೌರವದಿಂದ ಓದಿದೆ. ಓಣಿಯಲ್ಲಿ ಬೇಕಾದಷ್ಟು ಜಾಗವಿದೆ, ವಾದಿಯ ಹಸುವೇ ಅಗತ್ಯಕ್ಕಿಂತ ದಪ್ಪವಿದೆ. ಇದು ಮೊದಲನೆಯದು. ಎರಡನೆಯದು ಮಾತ್ರ ತಮಾಷೆಯದಲ್ಲ. ಹಿಂದೆ ಹಸು ಅಲ್ಲಿ ಓಡಾಡುತ್ತಿದ್ದದ್ದು ಯಜಮಾನರ ತಂದೆ ದಯೆಯಿಂದ ಕೊಟ್ಟ ಅಪ್ಪಣೆಯ ಮೇಲೆ, ಆದ್ದರಿಂದ ಅದು ಹಕ್ಕಲ್ಲ. ಇಡೀ ಕೇಸು ಈ ಒಂದು ಮಾತಿನ ಮೇಲೆ ನಿಂತಿತ್ತು. ಅಪ್ಪಣೆಯಿಂದ ನಡೆದಿದ್ದರೆ ಅತ್ತೆ ಸೋತಳು. ಯಾರನ್ನೂ ಕೇಳದೆ ತನ್ನದೇ ದಾರಿಯೆಂದು ನಡೆದಿದ್ದರೆ ಗೆದ್ದಳು.

“ಕೇಸು ಮುಗಿಯೋವರೆಗೂ ಹಸೂನ ಕೊಟ್ಟಿಗೇಲೇ ಕಟ್ಟಿರು ಅತ್ತೆ” ಎಂದೆ.

“ಕಟ್ಟಾಕಿ ಮಡಗೋಕೆ ಅದೇನು ಸ್ಕೂಟ್ರಾ? ಕೆರೆ ಬಯಲು ಕಾಣ್ದಿದ್ರೆ ಅದು ಅನ್ನ ನೀರು ಬಿಡ್ತದೆ.”

ಹಾಗಾಗಿ ಹಸು ಮನೆಯೊಳಗಿಂದ ಓಡಾಡತೊಡಗಿತು. ಹಿತ್ತಲ ಬಾಗಿಲಿನಿಂದ ನಡುಮನೆ, ಅಲ್ಲಿಂದ ಟಿವಿ, ಸೋಫಾ, ಬೀದಿ ಬಾಗಿಲು. ನಾನೊಮ್ಮೆ ಮನೆಯಿಂದಲೇ ಅಮೆರಿಕದ ಗ್ರಾಹಕರ ಜತೆ ಫೋನಿನ ಮೀಟಿಂಗಿನಲ್ಲಿದ್ದೆ. ಹಸು ನನ್ನ ಕುರ್ಚಿಯ ಹಿಂದೆ ನಿಂತು ಒಂದು ದೀರ್ಘವಾದ ಅಭಿಪ್ರಾಯ ವ್ಯಕ್ತಪಡಿಸಿತು. ಆ ಕಡೆಯಿಂದ ಒಬ್ಬರು ಬಹಳ ಮರ್ಯಾದೆಯಿಂದ, ಈಗ ಹೊಸದಾಗಿ ಸೇರಿಕೊಂಡವರು ಯಾರು ಎಂದು ಕೇಳಿದರು. ಹಸುವಿನದು ಆ ಮೀಟಿಂಗಿನ ಅತ್ಯಂತ ಸ್ಪಷ್ಟವಾದ ಮಾತಾಗಿತ್ತು ಎಂದು ನಾನು ಹೇಳಲಿಲ್ಲ.

ಆದರೆ ನಡುಮನೆಗೆ ಅತ್ತೆ ಹೊಸದಾಗಿ ನುಣುಪು ಟೈಲ್ಸ್ ಹಾಕಿಸಿದ್ದಳು. ಒಂದು ಬೆಳಿಗ್ಗೆ ಹಸು ಜಾರಿ, ಮುಂಗಾಲು ಮಡಚಿ, ಟಿವಿಯ ಮುಂದೆ ಕುಸಿದು ಕೂತಿತು. ನೋಡಲು ಬಂದ ದನದ ಡಾಕ್ಟರು ಕಾಲು ನೀವಿ, “ಗಬ್ಬ ಕಟ್ಟಿದ ಮೇಲೆ ಈ ನೆಲದ ಮೇಲೆ ನಡೆಸಂಗಿಲ್ಲಮ್ಮ. ಬಿದ್ರೆ ಕರುನೂ ಇಲ್ಲ, ಹಸುನೂ ಇಲ್ಲ. ದಾರಿ ಮಾಡ್ಕೊಳ್ಳಿ, ಇಲ್ಲಾಂದ್ರೆ ಮಾರ್ಬಿಡಿ” ಎಂದು ಹೋದರು. ಅತ್ತೆ ಅವತ್ತು ಊಟ ಮಾಡಲಿಲ್ಲ. ಅಂದರೆ, ಕೇಸು ಸೋತರೆ ಹಸು ಹೋಯಿತು. ಇಷ್ಟು ತಿಳಿದುಕೊಂಡರೆ ನೀವು ಮುಂದಿನದನ್ನೆಲ್ಲ ನನ್ನಷ್ಟೇ ಸಂಕಟದಿಂದ ಓದಬಹುದು.

ಅವಳಿಗೆ ಈ ಪ್ರತಿಯ ಹುಚ್ಚು ಹಿಡಿದದ್ದು ಹೀಗೆ. ವಾಯಿದೆಯ ಮೇಲೆ ವಾಯಿದೆ ಬೀಳುವುದನ್ನು ಕಂಡು ರೋಸಿದ ಅತ್ತೆ, ತನ್ನ ವಕೀಲರಿಗೂ ಹೇಳದೆ, ನ್ಯಾಯಾಧೀಶರಿಗೇ ಒಂದು ಕಾಗದ ಬರೆದು ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿಬಿಟ್ಟಳು. ಮುಂದಿನ ಸಲ ಕೋರ್ಟಿನಲ್ಲಿ ಅವರು ಆ ಲಕೋಟೆಯನ್ನು ಎತ್ತಿ ಹಿಡಿದರು.

“ಇದನ್ನ ಬರೆದವರು ಯಾರಮ್ಮ?”

“ನಾನೇ ಸ್ವಾಮಿ.”

“ಪ್ರತಿವಾದಿಗೆ ಇದರ ಪ್ರತಿ ಕೊಟ್ಟಿದ್ದೀರಾ?”

“ಅವ್ನಿಗ್ಯಾಕೆ? ಇದು ನಿಮಗೆ ಬರ್ದಿದ್ದು.”

“ನೋಡಿ ತಾಯಿ, ಅವರಿಗೆ ತಿಳಿಯದ ಹಾಗೆ ನೀವು ನನಗೆ ಒಂದು ಮಾತೂ ಹೇಳೋ ಹಾಗಿಲ್ಲ. ನಿಮಗೆ ತಿಳಿಯದ ಹಾಗೆ ಅವರೂ ಹೇಳೋ ಹಾಗಿಲ್ಲ. ತಗೊಂಡು ಹೋಗಿ, ಅವರಿಗೊಂದು ಪ್ರತಿ ಕೊಟ್ಟು, ಆಮೇಲೆ ನಿಮ್ಮ ವಕೀಲರ ಮೂಲಕ ತನ್ನಿ.”

ಬೇರೆ ಯಾರಾದರೂ ಆಗಿದ್ದರೆ ತಲೆ ತಗ್ಗಿಸಿಕೊಂಡು ಮನೆಗೆ ಬರುತ್ತಿದ್ದರು. ಅತ್ತೆ ಬಸ್ಸಿನಲ್ಲಿ ಇಡೀ ದಾರಿ ಆ ಮಾತನ್ನೇ ಬಾಯಲ್ಲಿ ಹೊರಳಿಸುತ್ತಾ ಬಂದಳು. ಬೇಗೂರು ಬರುವಷ್ಟರಲ್ಲಿ ಅವಳಲ್ಲೊಂದು ವ್ಯಾಕರಣ ಸಿದ್ಧವಾಗಿತ್ತು.

“ವಾದಿ ಅಂದ್ರೆ ವಾದ ಮಾಡೋನು. ಪ್ರತಿವಾದಿ ಅಂದ್ರೆ ಪ್ರತಿ ಇಸ್ಕಳ್ಳೋನು. ಎಷ್ಟು ಚೆಂದಾಗಿ ಎಸ್ರಿಟ್ಟವ್ರೆ ನೋಡು.”

“ಅಲ್ಲ ಅತ್ತೆ, ಪ್ರತಿ ಅಂದ್ರೆ ಎದುರು. ಎದುರು ವಾದ ಮಾಡೋನು ಪ್ರತಿವಾದಿ.”

“ಎದುರು ವಾದ ಮಾಡ್ಬೇಕಾದ್ರೆ ನಾನೇನು ಏಳ್ದೆ ಅಂತ ಅವ್ನಿಗೆ ಗೊತ್ತಾಗ್ಬೇಕೋ ಬ್ಯಾಡ್ವೋ?”

“ಬೇಕು.”

“ಗೊತ್ತಾಗ್ಬೇಕಾದ್ರೆ ಏನು ಕೊಡ್ಬೇಕು?”

ಅಂತರಕಾಲೇಜು ಮಟ್ಟದಲ್ಲಿ ಗೆದ್ದವಳನ್ನು ಬಸ್ ಸ್ಟಾಪಿನಲ್ಲಿ ಸೋಲಿಸಲಾಯಿತು.

ಕಾನೂನು ಕೇಳುವುದು ಕೋರ್ಟಿಗೆ ಕೊಟ್ಟದ್ದರ ಪ್ರತಿಯನ್ನು ಎದುರು ವಕೀಲರಿಗೆ ಕೊಡಿ ಎಂದಷ್ಟೆ. ಅತ್ತೆಗೆ ಅದು ಸಾಲಲಿಲ್ಲ. ವಕೀಲರೇನು ಪ್ರತಿವಾದಿಯೇ? ಅವಳು ವಕೀಲರಿಗೊಂದು ಕೊಟ್ಟು, ಯಜಮಾನರಿಗೆ ಇನ್ನೊಂದನ್ನು ಕೈಯಾರೆ ತಲುಪಿಸುತ್ತಿದ್ದಳು. ಮೆಟ್ಟಿಲಿನ ಬುಡವನ್ನು ದುರುಗುಟ್ಟಿ ನೋಡಿ, ಓರೆಯಾಗಿ ತೂರಿಕೊಂಡು ಅವರ ಜಗಲಿ ಹತ್ತುವಳು. ಅವಳು ಅವರನ್ನು ಕರೆಯುವುದು ಅಣ್ಣ ಎಂದು, ಅವರು ಇವಳನ್ನು ತಂಗಿ ಎಂದು. ಊರಿನ ವಾಡಿಕೆ, ದಾವೆ ಹೂಡಿದರೆಂದು ವಾಡಿಕೆ ಬಿಡಲಾಗುತ್ತದೆಯೇ? ಯಜಮಾನರಿಗೆ ಸಹಿ ಬರುತ್ತಿತ್ತು, ಪೇಪರು ಓದಲು ಬರುತ್ತಿತ್ತು. ಕೋರ್ಟಿನ ಕನ್ನಡ ಮಾತ್ರ ಬರುತ್ತಿರಲಿಲ್ಲ. ಅತ್ತೆಯೇ ಓದುವಳು.

“‘ಸದರಿ ಪ್ರತಿವಾದಿಯು ದುರುದ್ದೇಶದಿಂದ ಕೂಡಿದವನಾಗಿ...’”

“ದುರುದ್ದೇಶ ಅಂದ್ರೇನವ್ವ?”

“ಕೆಟ್ಟ ಬುದ್ಧಿ ಅಣ್ಣ.”

“ಯಾರಿಗೆ?”

“ನಿಂಗೇಯ.”

“ಓ.” ಕಾಗದದ ಕಡೆ ಬಗ್ಗಿ ನೋಡುವರು. “ಅಂಗಂತ ನೀನೇ ಬರೆಸ್ದಾ?”

“ಊಂ. ನಮ್ಮುಡುಗಿ ಟೈಪ್ ಮಾಡವ್ಳೆ.”

ಇಬ್ಬರೂ ನನ್ನ ಕಡೆ ನೋಡುವರು. ಯಜಮಾನರು ಕನ್ನಡಕ ಸರಿಮಾಡಿಕೊಂಡು ಕೆಳಗೆ ‘ಪ್ರತಿ ಸ್ವೀಕರಿಸಿದೆ’ ಎಂದು ಬರೆದು ಸಹಿ ಹಾಕುವರು. ಅಷ್ಟರಲ್ಲಿ ಕಾಫಿ ಬರುವುದು. ನನಗೂ ಒಂದು ಲೋಟ ಸಿಗುತ್ತಿತ್ತು, ದುರುದ್ದೇಶವನ್ನು ಟೈಪ್ ಮಾಡಿದವಳಿಗೆ. ಇನ್ನೂ ಚೆಂದದ ಸಂಗತಿಯೆಂದರೆ ಆ ಕಾಫಿಯ ಹಾಲು ಅತ್ತೆಯ ಹಸುವಿನದೇ. ಮೇಲಿನ ರೂಮುಗಳಲ್ಲಿದ್ದ, ಬೊಮ್ಮಸಂದ್ರದ ಫ್ಯಾಕ್ಟರಿಗಳಿಗೆ ಹೋಗುವ ರಾಯಚೂರಿನ ಹುಡುಗರೂ ವ್ಯಾಜ್ಯದ ಮೆಟ್ಟಿಲನ್ನೇ ಇಳಿದು ಬಂದು, “ಅಕ್ಕಾರ, ಹಾಲು ಕೊಡ್ರಿ” ಎಂದು ಪಾತ್ರೆ ಚಾಚುತ್ತಿದ್ದರು. ಅವಳು ಅಳತೆಗಿಂತ ಒಂದು ಹನಿ ಹೆಚ್ಚೇ ಹಾಕುತ್ತಿದ್ದಳು. ಮೆಟ್ಟಿಲಿನ ಮೇಲೆ ಕೇಸು, ಹತ್ತಿ ಇಳಿಯುವವರ ಮೇಲಲ್ಲ ಎನ್ನುವುದು ಅವಳ ನಿಲುವು.

ಅವಳ ವಕೀಲರು ಬಹಳ ದಿನ ತಡೆಯಲಿಲ್ಲ. ಯಾವುದೋ ಒಂದು ಅರ್ಜಿಯನ್ನು ಅವರು ಎದುರಿನವರಿಗೆ ಯೋಚಿಸಲು ಸಮಯವೇ ಸಿಗದ ಹಾಗೆ ಅವತ್ತೇ ಕೊಟ್ಟು ಅವತ್ತೇ ವಾದಿಸಬೇಕೆಂದು ಸಿದ್ಧಮಾಡಿಟ್ಟಿದ್ದರು. ಬೆಳಿಗ್ಗೆ ಕೋರ್ಟಿಗೆ ಬಂದರೆ ಎದುರು ವಕೀಲರು ಅದಕ್ಕೆ ಟೈಪ್ ಮಾಡಿದ ಆಕ್ಷೇಪಣೆಯನ್ನೇ ಹಿಡಿದು ನಿಂತಿದ್ದಾರೆ!

“ನೀವು ಹೀಗೆ ಮಾಡಿದ್ರೆ ನಾನ್ಯಾಕೆ ಬೇಕಮ್ಮ?” ಎಂದರು ನಮ್ಮ ವಕೀಲರು.

“ಅದೇ ನಾನೂ ಯೋಚ್ನೆ ಮಾಡ್ತಿದ್ದೆ ಸಾರ್” ಎಂದಳು ಅತ್ತೆ, ಯಾವ ವ್ಯಂಗ್ಯವೂ ಇಲ್ಲದೆ. ಅಲ್ಲಿಂದಾಚೆಗೆ ಅವಳ ಕೇಸನ್ನು ಅವಳೇ ನಡೆಸಿದಳು.

ಜಾಗ ನೋಡಲು ಕೋರ್ಟಿನಿಂದ ಕಮಿಷನರ್ ಆಗಿ ಒಬ್ಬ ಯುವ ವಕೀಲರು ಟೇಪು ಹಿಡಿದು ಬಂದ ದಿನದ ಕಥೆ ಕೇಳಿ. ಯಜಮಾನರು ಅಂಗಡಿಗೆ ಹೋಗಿದ್ದರು. ಬಿಸಿಲಲ್ಲಿ ಬಂದವರು ಕುಡಿಯಲು ನೀರು ಕೇಳಿದರು, ಅತ್ತೆ ಕೊಟ್ಟಳು. ಮಾತಿಗೆ ಅವರು, “ಹಸುಗೆ ಎಷ್ಟು ವಯಸ್ಸಮ್ಮ?” ಎಂದರು. ಅತ್ತೆ ತುಟಿ ಬಿಗಿದಳು.

“ತಡೀರಿ ಸಾರ್. ಅಣ್ಣ ಬರ್ಲಿ.”

“ಸುಮ್ನೆ ಕೇಳ್ದೆ.”

“ನೀವು ಸುಮ್ನೆ ಕೇಳ್ದ್ರೂ ನಾನು ಸುಮ್ನೆ ಏಳೋಕಾಗಲ್ಲ. ಅವ್ನಿಗೆ ಗೊತ್ತಿಲ್ದಂಗೆ ಒಂದು ಮಾತೂ ಏಳಂಗಿಲ್ಲ ಅಂತ ಕೋರ್ಟಲ್ಲೇ ಏಳವ್ರೆ.”

ಯಜಮಾನರು ಬರುವವರೆಗೂ ಇಬ್ಬರೂ ಮೌನವಾಗಿ ಜಗಲಿಯ ಮೇಲೆ ಕೂತಿದ್ದರು. ಕಮಿಷನರ್ ಹೊತ್ತು ಹೋಗದೆ ಟೇಪನ್ನು ಎಳೆಯುವುದು, ಬಿಡುವುದು ಮಾಡುತ್ತಿದ್ದರು. ಯಜಮಾನರು ಬೀದಿಯ ತಿರುವಿನಲ್ಲಿ ಕಂಡದ್ದೇ ಅತ್ತೆ ಎದ್ದು ನಿಂತು ಕೂಗಿದಳು: “ಅಣ್ಣಾ, ಬಿರ್ನೆ ಬಾ. ಇವ್ರು ಅಸೀನ ವಯಸ್ಸು ಕೇಳ್ತಾವ್ರೆ, ನಿನ್ನ ಮುಂದೆ ಏಳ್ಬೇಕು.” ಅವರು ಬಂದು, “ಅದು ನಮ್ಮ ಮೊಮ್ಮಗನಿಗಿಂತ ಒಂದು ಸಂಕ್ರಾಂತಿಗೆ ದೊಡ್ದು ಸಾರ್” ಎಂದು ಅವಳ ಪರವಾಗಿ ಉತ್ತರವನ್ನೂ ಕೊಟ್ಟರು. ಕಮಿಷನರ್ ಅದನ್ನು ಹೇಗೆ ಬರೆದುಕೊಂಡರೋ ನನಗೆ ಗೊತ್ತಿಲ್ಲ.

ನೀವು ನಗುತ್ತೀರಿ. ನಾನು ನಗುತ್ತಿರಲಿಲ್ಲ. ಸಾಕ್ಷಿಯ ದಿನ ಹತ್ತಿರವಾಗುತ್ತಿತ್ತು, ಅಷ್ಟರಲ್ಲಿ ಹಸು ಗಬ್ಬ ಕಟ್ಟಿತ್ತು, ಬೇರೆ ದಾರಿಯಿಲ್ಲದೆ ಅತ್ತೆ ಅದನ್ನು ಅದೇ ಟೈಲ್ಸಿನ ಮೇಲೆ ಹೆಜ್ಜೆಹೆಜ್ಜೆಗೂ ಹಿಡಿದು ನಡೆಸುತ್ತಿದ್ದಳು. ಯಜಮಾನರ ಪಾಟೀಸವಾಲಿಗೆ ನಾನು ರಜೆ ಹಾಕಿ, ಹಾಳೆಗೊಂದರಂತೆ ಪ್ರಶ್ನೆಗಳನ್ನು ಹೆಣೆದೆ. ಒಂದೊಂದೂ ಒಂದೊಂದು ಬೋನು. ಮೆತ್ತಗೆ ಶುರುವಾಗಿ, ನಡುವೆ ಸಡಿಲಬಿಟ್ಟು, ಅಪ್ಪಣೆಯ ಪ್ರಶ್ನೆಯಲ್ಲಿ ಬಾಗಿಲು ಬೀಳಬೇಕು. ಮರುದಿನ ಸಂಜೆ ಆಫೀಸಿನಿಂದ ಬಂದು ನೋಡಿದರೆ ಪ್ರಶ್ನೆಗಳ ಹಾಳೆಗಳು ಮೇಜಿನ ಮೇಲಿಲ್ಲ.

“ಎಲ್ಲಿ ಅತ್ತೆ?”

“ಅಣ್ಣಂಗೆ ಒಂದು ಪ್ರತಿ ಕೊಟ್ಬಂದೆ. ಓದ್ಕಳ್ಳಕ್ಕೆ ಟೈಮ್ ಬೇಕಲ್ವ ಪಾಪ.”

ನಾನು ಚಪ್ಪಲಿ ಬಿಚ್ಚದೆಯೇ ಕೂತುಬಿಟ್ಟೆ. ಆಮೇಲೆ ನನ್ನ ಎಲ್ಲ ತರಬೇತಿಯನ್ನೂ ಅವಳ ಮೇಲೆ ಪ್ರಯೋಗಿಸಿದೆ. ಯಾವ ನಿಯಮ ಹೀಗೆ ಹೇಳುತ್ತದೆ? ಎದುರಾಳಿಗೆ ಪ್ರಶ್ನೆ ಮೊದಲೇ ಕೊಟ್ಟರೆ ಅದು ಪಾಟೀಸವಾಲೋ, ಮನೆಪಾಠವೋ? ಅವರೇನಾದರೂ ನಿನಗೆ ಒಂದೇ ಒಂದು ಸಲ ಮೊದಲೇ ಹೇಳಿದ್ದಾರಾ? ಮೆಟ್ಟಿಲು ಕಟ್ಟುವ ಮುಂಚೆ ಪ್ರತಿ ಕೊಟ್ಟರಾ?

“ಇಲ್ಲ.”

“ಮತ್ತೆ?”

ಅತ್ತೆ ಅವರೆಕಾಯಿ ಬಿಡಿಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ. “ನಿಮ್ಮಾವ ತೀರ್ಕಂಡ ವರ್ಷ ಇದೇ ನಡುಮನೇಲಿ ನಿಮ್ಮಪ್ಪ, ನಿಮ್ಮ ದೊಡ್ಡಪ್ಪ, ಊರಿನವರು ನಾಕು ಜನ ಕೂತಿದ್ರು. ರೋಡ್ ಕಡೆ ಒಲ ಯಾರಿಗೆ ಅಂತ ಮಾತಾಡಿದ್ರು. ನಾನು ಒಳಗೆ ಕಾಫಿ ಲೋಟ ತೊಳೀತಿದ್ದೆ. ಯಾರೂ ಕೂಗ್ಲಿಲ್ಲ. ಬೇಲಿ ಆಕೋಕೆ ಬಂದಾಗ್ಲೇ ನಂಗೆ ಗೊತ್ತಾಗಿದ್ದು ನಾನು ಸೋತಿದೀನಿ ಅಂತ. ಯಾವ ಮಾತಿಗೆ ಸೋತೆ ಅಂತ ಇವತ್ತಿಗೂ ಗೊತ್ತಿಲ್ಲ ಕಣವ್ವ.”

ಅವಳ ದನಿಯಲ್ಲಿ ಅಳು ಇರಲಿಲ್ಲ, ಸಿಟ್ಟಿತ್ತು. “ಸೋಲ್ಸೋದಾದ್ರೆ ಮುಂದೆ ಕೂರಿಸ್ಕಂಡು ಸೋಲಿಸ್ಬೇಕು. ನಾನು ಅಂಗೇ ಸೋಲ್ಸೋದು.”

ನಮ್ಮಪ್ಪನ ಹೆಸರು ಬಂದದ್ದರಿಂದ ಪ್ರತಿಪಕ್ಷ ಅವತ್ತು ಅವರೆಕಾಯಿ ಬಿಡಿಸಲು ಕೂತಿತು.

ಪಾಟೀಸವಾಲಿನ ದಿನ ಯಜಮಾನರು ಒಗೆದ ಬಿಳಿ ಪಂಚೆ ಉಟ್ಟು ಕಟಕಟೆ ಹತ್ತಿದರು. ಉತ್ತರಗಳನ್ನು ಅವರು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡು ಬಂದಿರುವುದು ತುಟಿ ಅಲುಗುತ್ತಿದ್ದುದರಲ್ಲೇ ಗೊತ್ತಾಗುತ್ತಿತ್ತು. ಅತ್ತೆ ಎದುರು ನಿಂತಳು. ಮೊದಲನೆಯ ಪ್ರಶ್ನೆ ಚೆನ್ನಾಗಿಯೇ ಆಯಿತು. ಎರಡನೆಯದು, ‘ಮೆಟ್ಟಿಲು ಕಟ್ಟುವ ಮುಂಚೆ ಯಾರ ಅಪ್ಪಣೆಯನ್ನಾದರೂ ಪಡೆದಿರಾ’ ಎಂದಿತ್ತು. ಅದರ ಹಾಳೆ ಮೊದಲನೆಯ ಹಾಳೆಗೆ ಅಂಟಿಕೊಂಡು, ಎರಡೂ ಒಟ್ಟಿಗೆ ಮಗುಚಿದವು. ಅವಳು ನೇರ ಮೂರನೆಯದಕ್ಕೆ ಹೋದಳು.

“ಆ ಓಣೀಲಿ ನಮ್ಮ ಹಸೀನ ಹೊಡ್ಕಂಡು ಹೋಗೋಕೆ ನಾವು ಯಾರದಾದ್ರೂ ಅಪ್ಪಣೆ ತಗೋಬೇಕಾಗಿತ್ತಾ?”

ಯಜಮಾನರು ಎದೆಯುಬ್ಬಿಸಿ, ಎರಡನೆಯ ಪ್ರಶ್ನೆಯ ಉತ್ತರ ಒಪ್ಪಿಸಿದರು: “ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ ಸ್ವಾಮಿ.”

ನಾನು ಬೆಂಚಿನ ಅಂಚನ್ನು ಹಿಡಿದುಕೊಂಡೆ. ಆಯಿತು! ಓಣಿ ಬಂತು, ಹಸು ಉಳಿಯಿತು. ಯಜಮಾನರ ವಕೀಲರು ಕುರ್ಚಿಯಿಂದ ಅರ್ಧ ಎದ್ದು, ತಮ್ಮ ಸಾಕ್ಷಿಯ ಮೇಲೆಯೇ ಆಕ್ಷೇಪಣೆ ಎತ್ತುವುದು ಹೇಗೆಂದು ತಿಳಿಯದೆ ಹಾಗೆಯೇ ನಿಂತಿದ್ದರು. ನ್ಯಾಯಾಧೀಶರು ಬರೆಸಲು ಟೈಪಿಸ್ಟಿನ ಕಡೆ ತಿರುಗಿದರು.

“ಬರ್ಕಬೇಡಿ ಸ್ವಾಮಿ” ಎಂದಳು ಅತ್ತೆ. “ಅದು ಎರಡ್ನೇ ಪ್ರಶ್ನೆ ಉತ್ತರ. ನಾನು ಒಂದು ಹಾಳೆ ಹಾರಿಸ್ಬಿಟ್ಟೆ.”

“ಎರಡನೇ ಪ್ರಶ್ನೆಯನ್ನ ನೀವು ಕೇಳೇ ಇಲ್ಲವಲ್ಲಮ್ಮ. ಅದೇನು ಅಂತ ಅವರಿಗೆ ಹೇಗೆ ಗೊತ್ತು?”

“ಪ್ರತಿ ಕೊಟ್ಟಿದ್ದೆ ಸ್ವಾಮಿ.”

ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಪ್ರಶ್ನೆಯನ್ನು ಇನ್ನೊಮ್ಮೆ ಕೇಳಲು ಹೇಳಿದರು. ಅತ್ತೆ ಕೇಳಿದಳು. ಯಜಮಾನರು ಈ ಸಲ ಎದೆಯುಬ್ಬಿಸಲಿಲ್ಲ. ಕಟಕಟೆಯ ಮರವನ್ನು ನೋಡುತ್ತಾ, “ನಮ್ಮಪ್ಪ, ಪಾಪ ಅಂತ, ಅಪ್ಪಣೆ ಕೊಟ್ಟಿದ್ರು ಸ್ವಾಮಿ” ಎಂದರು.

ಬಸ್ಸಿನಲ್ಲಿ ನಾನು ಅವಳ ಪಕ್ಕ ಕೂರಲಿಲ್ಲ. ಸತ್ಯ ಹೇಳಿದ್ದಕ್ಕೆ ಸಿಟ್ಟಲ್ಲ ಎಂದು ವಾದಿಸಬಲ್ಲೆ. ಪ್ರಶ್ನೆ ಇವಳದು, ಉತ್ತರ ಅವರದು, ತಿದ್ದುವ ಕೆಲಸ ಅವರ ವಕೀಲರದು. ಈ ವಾದವನ್ನು ಇವತ್ತಿಗೂ ಯಾವ ವೇದಿಕೆಯ ಮೇಲೆ ಬೇಕಾದರೂ ಸಮರ್ಥಿಸುತ್ತೇನೆ. ಅತ್ತೆ ಮುಂದಿನ ಸೀಟಿನಿಂದ ತಿರುಗಿ, “ಕಳ್ಳೆಕಾಯಿ ತಿಂತೀಯ?” ಎಂದಳು.

ತೀರ್ಪು ಬಂತು. ದಾವೆ ವಜಾ. ಹಸು ಓಡಾಡಿದ್ದು ಅಪ್ಪಣೆಯಿಂದ, ಹಕ್ಕಿನಿಂದಲ್ಲ. ಯಜಮಾನರು ಅವತ್ತು ಕೋರ್ಟಿಗೆ ಬಂದಿರಲಿಲ್ಲ. ಅತ್ತೆ ಮನೆಗೂ ಹೋಗದೆ ನೇರ ಅವರ ಜಗಲಿ ಹತ್ತಿದಳು.

“ಅಣ್ಣಾ, ನೀನು ಗೆದ್ದೆ.”

ಅವರು ಪಕ್ಕಕ್ಕೆ ಸರಿದು ಜಗಲಿಯ ಮೇಲೆ ಜಾಗ ಮಾಡಿದರು.

“ನಾನು ಮೇಲಿನ ಕೋರ್ಟಿಗೆ ಓಯ್ತೀನಿ. ಆ ಅರ್ಜೀದೂ ಒಂದು ಪ್ರತಿ ತಂದ್ಕೊಡ್ತೀನಿ.”

“ಕೂತ್ಕ ತಂಗಿ.” ಅವರು ಹೆಗಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡರು. “ಅಸ ತುಂಬಿದ ಗಬ್ಬ. ಗಾರೆಯವನಿಗೆ ಏಳಿದೀನಿ. ಕೆಳಗಿನ ಮೆಟ್ಲು ಒಡೆದು ಬೀದಿ ಕಡೆಗೆ ತಿರುಗಿಸ್ಕಂಡ್ಬಿಡ್ತೀನಿ. ಬಿಡು ಅತ್ಲಾಗೆ.”

ನಾನು ಉಸಿರು ಬಿಟ್ಟೆ. ಇದಕ್ಕಿಂತ ಒಳ್ಳೆಯ ಮುಕ್ತಾಯ ಯಾವ ಚರ್ಚೆಗೆ ಸಿಗುತ್ತದೆ? ಆದರೆ ಅತ್ತೆ ಕೂರಲಿಲ್ಲ.

“ನೀನು ಬಿಟ್ರೆ ಅದೂ ಅಪ್ಪಣೆಯೇ ಆಯ್ತದೆ ಅಣ್ಣ. ನಿಮ್ಮಪ್ಪ ಪಾಪ ಅಂತ ಬಿಟ್ಟ, ನೀನು ಪಾಪ ಅಂತ ಬಿಟ್ಟೆ. ನಾಳೆ ನಿನ್ನ ಮಗನಿಗೆ ಪಾಪ ಅನ್ನಿಸ್ದೇ ಇದ್ರೆ? ಅದು ನನ್ನ ದಾರಿ. ಅಂಗಂತ ಕೋರ್ಟು ಏಳ್ಬೇಕು. ಅಲ್ಲೀಗಂಟ ಆ ಮೆಟ್ಲಿಂದ ಒಂದು ಇಟ್ಗೆ ಕಿತ್ತೀಯ, ನೋಡು.”

“ಮತ್ತೆ ಅಸ?”

“ಮಾರ್ತೀನಿ.”

ಅಷ್ಟು ಹೇಳಿ, ಓರೆಯಾಗಿ ತೂರಿಕೊಂಡು ಮನೆಗೆ ಬಂದಳು. ದನದ ದಲ್ಲಾಳಿಗೆ ಫೋನು ಮಾಡಲು ನನಗೇ ಹೇಳಿದಳು. ನಂಬರು ಒತ್ತುತ್ತಿದ್ದವಳನ್ನು ನಿಲ್ಲಿಸಿ, ನಾಳೆ ಮಾಡು ಎಂದಳು.

ಬೆಳಿಗ್ಗೆ ಕದ ತೆಗೆದರೆ ಯಜಮಾನರು ಹೊಸಿಲಿನ ಆಚೆ ನಿಂತಿದ್ದರು, ಹೆಗಲ ಮೇಲೆ ಒಂದು ಹೊರೆ ಗೋಣಿಚೀಲ. ಯಾರನ್ನೂ ಕೇಳದೆ ಒಳಗೆ ಬಂದರು. ಹಿತ್ತಲ ಬಾಗಿಲಿನಿಂದ ಶುರುಮಾಡಿ, ಒಂದೊಂದೇ ಚೀಲವನ್ನು ನೀರಿನಲ್ಲಿ ಅದ್ದಿ ಹಿಂಡಿ ಟೈಲ್ಸಿನ ಮೇಲೆ ಹಾಸುತ್ತಾ, ಅಂಚಿಗೆ ಅಂಚು ಒತ್ತುತ್ತಾ, ಮಂಡಿಯೂರಿಕೊಂಡೇ ಬೀದಿ ಬಾಗಿಲವರೆಗೆ ಬಂದರು.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. “ಇದೇನಣ್ಣ?”

“ಮೆಟ್ಲು ಮುಟ್ಬೇಡ ಅಂದೆ. ಗೋಣಿಚೀಲದ ಇಚಾರ ಏನೂ ಏಳ್ಲಿಲ್ವಲ್ಲ.”

ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, ಹಿತ್ತಲಿಗೆ ಹೋಗಿ ಹಸುವಿನ ಹಗ್ಗ ಬಿಚ್ಚಿದಳು.

ಮೇಲ್ಮನವಿ ಇನ್ನೂ ನಡೆಯುತ್ತಿದೆ. ಕರು ಹಾಕುವವರೆಗೂ ದಿನವೂ ಅವರು ಬಂದರು. ಮೊದಲ ದಿನದ ನಡಿಗೆ ಮಾತ್ರ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಮುಂದೆ ಹಗ್ಗ ಹಿಡಿದ ವಾದಿ. ಪಕ್ಕದಲ್ಲಿ, ಹಸುವಿನ ತುಂಬಿದ ಹೊಟ್ಟೆಗೆ ಅಂಗೈ ಆನಿಸಿಕೊಂಡು, ಅದರ ಗೊರಸುಗಳನ್ನೇ ನೋಡುತ್ತಾ ನಡೆಯುವ ಪ್ರತಿವಾದಿ. ನಡುಮನೆಯ ಮಧ್ಯಕ್ಕೆ ಬಂದಾಗ ಅವರು ಮೆಲ್ಲಗೆ, “ನಿಧಾನ ಕಣವ್ವ, ನಿಧಾನ” ಎಂದರು. ಹಸುವಿಗೆ ಹೇಳಿದ್ದೋ, ಮುಂದಿದ್ದವಳಿಗೆ ಹೇಳಿದ್ದೋ ತಿಳಿಯಲಿಲ್ಲ. ಇಬ್ಬರೂ ಹೆಜ್ಜೆ ಸಣ್ಣದು ಮಾಡಿದರು.